ಮನೆ ಹಾಸನದಲ್ಲಿ, ದುಡ್ಡು ಯಾರದು?

ಹಾಸನದಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಸಾರ್ವಜನಿಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ ಇದು. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ವಾಸಕ್ಕೆಂದು ಕೊಳ್ಳದೆ ಬಂಡವಾಳವೆಂದು ಕೊಂಡ ಮನೆಗಳ ಬಗ್ಗೆ ಇವತ್ತು ಮಾತಾಡುತ್ತೇನೆ. ಅಪಾರ್ಟ್‌ಮೆಂಟುಗಳ ವಿಚಾರ ಬೇಡ. ಒಂದು ಸಂಸಾರ ಇರುವಂಥ ಬಿಡಿ ಮನೆಗಳನ್ನು ಮಾತ್ರ ತೆಗೆದುಕೊಳ್ಳೋಣ. ಮೂವತ್ತು-ನಲವತ್ತರ ಸೈಟು, ಎರಡು ರೂಮು, ಹಾಲು, ಅಡುಗೆಮನೆ, ಗೇಟಿನೊಳಗೆ ಸ್ಕೂಟರ್ ನಿಲ್ಲುವಷ್ಟು ಜಾಗ, ಮೇಲೊಂದು ನೀರಿನ ಟ್ಯಾಂಕು. ಸಾಲಗಾಮೆ ರಸ್ತೆಯ ಆಚೀಚೆ, ಕುವೆಂಪುನಗರ, ವಿದ್ಯಾನಗರ, ವಿಜಯನಗರ ಬಡಾವಣೆ, ಎಲ್ಲಿ ಹೋದರೂ ಬಾಡಿಗೆಗೆ ಸಿಗುವುದು ಬಹುಪಾಲು ಇಂಥ ಮನೆ, ಇಲ್ಲವೇ ಇಂಥ ಮನೆಯ ಮೇಲಿನ ಮಹಡಿ. ಮಾಲೀಕರು ಕೆಳಗೆ, ಬಾಡಿಗೆಯವರು ಮೇಲೆ ಎನ್ನುವ ಏರ್ಪಾಡು ನಮ್ಮಲ್ಲಿ ಹಳೆಯದು. ಅದರಲ್ಲಿ ಜಗಳವೂ ಇರುತ್ತದೆ, ಹಬ್ಬಕ್ಕೆ ಒಬ್ಬಟ್ಟೂ ಬರುತ್ತದೆ. ನನಗೆ ಚಿಂತೆಯಾಗಿರುವುದು ಮಾಲೀಕರು ಆ ಬೀದಿಯಲ್ಲೇ ಇಲ್ಲದ, ಎಷ್ಟೋ ಸಲ ಆ ಊರಿನಲ್ಲೇ ಇಲ್ಲದ ಮನೆಗಳ ವಿಚಾರದಲ್ಲಿ.

ನಾನು ಬ್ಯಾಂಕಿನ ಗೃಹಸಾಲ ವಿಭಾಗದಲ್ಲಿ ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಕೆಲಸ ಮಾಡಿ ನಿವೃತ್ತನಾದವನು. ಹಾಗಾಗಿ ಮನೆಯನ್ನು ಕಾಗದದ ಕಡೆಯಿಂದ ನೋಡಿ ಅಭ್ಯಾಸ. ಕ್ರಯಪತ್ರ, ಖಾತೆ, ಇ.ಸಿ. (ಆಸ್ತಿಯ ಮೇಲಿನ ಋಣಭಾರ ತೋರಿಸುವ ಪತ್ರ), ಕಂದಾಯದ ರಸೀದಿ ಮೇಜಿನ ಮೇಲೆ ಹರಡಿದರೆ ಆ ಮನೆಯ ಕಥೆ ಮುಕ್ಕಾಲು ಗೊತ್ತಾಗುತ್ತದೆ. ಉಳಿದ ಕಾಲು ಭಾಗ ಯಾವ ಕಾಗದದಲ್ಲೂ ಇರುವುದಿಲ್ಲ. ಇವತ್ತಿನ ಮಾತು ಹೆಚ್ಚಾಗಿ ಆ ಕಾಲು ಭಾಗದ ಮೇಲೆ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮಾಲೀಕರು ದೊಡ್ಡ ಕಂಪನಿಯೋ ಸಂಬಳದ ನೌಕರರೋ ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕಿಂತ ಮುಖ್ಯವಾಗಿ ಕೇಳಬೇಕಾದದ್ದು ಬೇರೆ ಇದೆ. ಆ ಮನೆಯನ್ನು ಯಾರ ದುಡ್ಡಿನಲ್ಲಿ ಕೊಂಡರು? ಲೆಕ್ಕ ತಪ್ಪಿದರೆ ಅದು ಯಾರ ತಲೆ ಮೇಲೆ ಬರುತ್ತದೆ? ಅಮೆರಿಕದಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಬಹುದು, ಅಲ್ಲಿ ದಾಖಲೆ ಇದೆ. ಹಾಸನದಲ್ಲಿ ಉತ್ತರ ಎಷ್ಟೋ ಸಲ ಬಾಡಿಗೆಯವರ ಬೀರುವಿನಲ್ಲೇ ಒಂದು ಛಾಪಾ ಕಾಗದದ ರೂಪದಲ್ಲಿ ಇರುತ್ತದೆ. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಅಮೆರಿಕದ ಕಥೆಯಿಂದ ಶುರು ಮಾಡೋಣ, ಏಕೆಂದರೆ ಈ ವ್ಯವಹಾರ ಅತ್ಯಂತ ಸ್ಪಷ್ಟವಾಗಿ ಕಾಣುವುದು ಅಲ್ಲಿ. 2008ರ ಹೊತ್ತಿಗೆ ಅಲ್ಲಿನ ಗೃಹಸಾಲದ ವ್ಯವಸ್ಥೆ ಕುಸಿದುಬಿತ್ತು. ಲಕ್ಷಾಂತರ ಕುಟುಂಬಗಳು ಕಂತು ಕಟ್ಟಲಾಗದೆ ಮನೆ ಕಳೆದುಕೊಂಡವು. ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ ಮನೆಯ ಬೆಲೆ 2006ರಲ್ಲಿದ್ದ ಎತ್ತರದಿಂದ ಅರ್ಧಕ್ಕಿಂತ ಕೆಳಗೆ ಇಳಿಯಿತು. ಜಾರ್ಜಿಯಾ ರಾಜ್ಯದಲ್ಲಿ ಒಂದು ಪದ್ಧತಿ ಇದೆ. ಸಾಲ ತೀರದ ಮನೆಗಳನ್ನು ಪ್ರತಿ ತಿಂಗಳ ಮೊದಲ ಮಂಗಳವಾರ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ನ್ಯಾಯಾಲಯದ ಮೆಟ್ಟಿಲ ಬಳಿ ಕೂಗಿ ಹರಾಜು ಹಾಕುತ್ತಾರೆ. ಆ ವರ್ಷಗಳಲ್ಲಿ ಅಟ್ಲಾಂಟಾದಲ್ಲಿ ಆ ಮೆಟ್ಟಿಲ ಬಳಿ ದುಡ್ಡು ಹಿಡಿದು ನಿಲ್ಲುವ ಶಕ್ತಿ ಯಾರಿಗಿತ್ತು ಯೋಚಿಸಿ. ಸಾಮಾನ್ಯ ಸಂಸಾರಕ್ಕೆ ಬ್ಯಾಂಕುಗಳು ಸಾಲದ ಬಾಗಿಲು ಬಿಗಿ ಮಾಡಿದ್ದವು. ಕೆಲಸ ಹೋದವರು, ಸಾಲದ ದಾಖಲೆ ಕೆಟ್ಟವರು ಹರಾಜಿನ ಹತ್ತಿರ ಸುಳಿಯುವಂತಿರಲಿಲ್ಲ. ನಿಂತವರು ಹೂಡಿಕೆ ಸಂಸ್ಥೆಗಳ ಕಡೆಯವರು.

2012ರಲ್ಲಿ ಬ್ಲ್ಯಾಕ್‌ಸ್ಟೋನ್ ಎಂಬ ಹೂಡಿಕೆ ಸಂಸ್ಥೆ ಇನ್ವಿಟೇಶನ್ ಹೋಮ್ಸ್ ಎಂಬ ಕಂಪನಿಯ ಮೂಲಕ ಫೀನಿಕ್ಸ್‌ನಲ್ಲಿ ಬಿಡಿ ಮನೆಗಳನ್ನು ಕೊಳ್ಳಲು ಶುರು ಮಾಡಿತು. ಅದೇ ವರ್ಷ ಅಮೆರಿಕನ್ ಹೋಮ್ಸ್ ಫಾರ್ ರೆಂಟ್ ಎಂಬ ಇನ್ನೊಂದು ಕಂಪನಿ ಹುಟ್ಟಿತು. ಅದನ್ನು ಕಟ್ಟಿದ ವೇಯ್ನ್ ಹ್ಯೂಸ್ ಅವರು ಜನ ಸಾಮಾನು ಇಟ್ಟುಕೊಳ್ಳುವ ಗೋದಾಮು ಕೋಣೆಗಳನ್ನು ಬಾಡಿಗೆಗೆ ಕೊಡುವ ಉದ್ಯಮದಿಂದ ಬಂದವರು. ಅದಕ್ಕೆ ಮುಂಚೆ ಅಲ್ಲಿಯ ದೊಡ್ಡ ಬಂಡವಾಳ ಬಿಡಿ ಮನೆಗಳ ತಂಟೆಗೆ ಬಂದಿರಲಿಲ್ಲ. ಒಂದೊಂದು ಮನೆ ಒಂದೊಂದು ಬೀದಿಯಲ್ಲಿದ್ದರೆ ನಲ್ಲಿ ರಿಪೇರಿಗೂ ಆಳು ಕಳಿಸುವುದು ಕಷ್ಟ, ಖರ್ಚು ಗಿಟ್ಟುವುದಿಲ್ಲ ಎಂಬುದು ಅವರ ಲೆಕ್ಕವಾಗಿತ್ತು. ಬೆಲೆ ಅರ್ಧಕ್ಕೆ ಬಿದ್ದಾಗ ಆ ಲೆಕ್ಕ ತಿರುಗಿತು. ಮನೆ ಕಳೆದುಕೊಂಡವರೂ ಎಲ್ಲೋ ಒಂದು ಕಡೆ ಬಾಡಿಗೆಗೆ ಇರಲೇಬೇಕಲ್ಲ. ಬೆಲೆ ಇಳಿದಿತ್ತು, ಬಾಡಿಗೆಗೆ ಗಿರಾಕಿ ಹೆಚ್ಚಿತ್ತು.

ಈಗ ದುಡ್ಡಿನ ವಿಚಾರಕ್ಕೆ ಬನ್ನಿ. 2013ರ ನವೆಂಬರಿನಲ್ಲಿ ಇನ್ವಿಟೇಶನ್ ಹೋಮ್ಸ್ ಮೂರು ಸಾವಿರಕ್ಕೂ ಹೆಚ್ಚು ಮನೆಗಳನ್ನು, ಅವುಗಳಿಂದ ಬರುವ ಬಾಡಿಗೆಯನ್ನು ಆಧಾರವಾಗಿಟ್ಟು ಸುಮಾರು 48 ಕೋಟಿ ಡಾಲರಿನ ಬಾಂಡುಗಳನ್ನು, ಅಂದರೆ ಬಡ್ಡಿ ಕೊಡುವುದಾಗಿ ಸಾಲ ಎತ್ತುವ ಪತ್ರಗಳನ್ನು, ಮಾರಿತು. ಬಿಡಿ ಮನೆಗಳ ಬಾಡಿಗೆಯ ಮೇಲೆ ಬಂದ ಮೊದಲ ಬಾಂಡು ಅದು. ಅಂದರೆ ಅಟ್ಲಾಂಟಾದ ಒಬ್ಬ ಶಾಲಾ ಬಸ್ ಚಾಲಕರು ತಿಂಗಳಿಗೆ ಕಟ್ಟುವ ಬಾಡಿಗೆ ಎಲ್ಲಿಯೋ ಇರುವ ಬಾಂಡುದಾರರಿಗೆ ಬಡ್ಡಿಯಾಗಿ ಹೋಗುತ್ತದೆ. ಬಾಡಿಗೆ ತಡವಾದರೆ ಬಡ್ಡಿ ತಡವಾಗುವಂತಿಲ್ಲ. ಹೀಗಾದಾಗ ಮಾಲೀಕರಿಗೆ "ಈ ತಿಂಗಳು ಕಷ್ಟ, ಮುಂದಿನ ತಿಂಗಳು ಸೇರಿಸಿ ಕೊಡುತ್ತೇನೆ" ಎಂದು ಹೇಳುವ ಜಾಗ ಉಳಿಯುವುದಿಲ್ಲ. ಹೇಳಲು ಎದುರಿಗೆ ಯಾರೂ ಇರುವುದಿಲ್ಲ. ಅಟ್ಲಾಂಟಾದ ಫೆಡರಲ್ ರಿಸರ್ವ್ ಬ್ಯಾಂಕು 2016ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಫುಲ್ಟನ್ ಕೌಂಟಿಯ 2015ರ ದಾಖಲೆ ನೋಡಿದಾಗ ಕೆಲವು ದೊಡ್ಡ ಕಂಪನಿಗಳು ಒಂದೇ ವರ್ಷದಲ್ಲಿ ತಮ್ಮ ಮನೆಗಳ ಪೈಕಿ ಸುಮಾರು ಮೂರನೇ ಒಂದು ಭಾಗಕ್ಕೆ ತೆರವು ಕೋರಿ ನೋಟಿಸು ಹಾಕಿದ್ದವು. ನೋಟಿಸು ಬಂದವರೆಲ್ಲ ಮನೆ ಬಿಟ್ಟರು ಎಂದು ಅರ್ಥವಲ್ಲ. ಬಾಡಿಗೆ ವಸೂಲಿಯ ಮಾಮೂಲು ದಾರಿಯೇ ಕೋರ್ಟಾಗಿತ್ತು ಎಂದು ಅರ್ಥ.

2017ರಲ್ಲಿ ಇನ್ವಿಟೇಶನ್ ಹೋಮ್ಸ್ ಷೇರು ಪೇಟೆಗೆ ಬಂತು. ಅದೇ ವರ್ಷ ಇನ್ನೊಂದು ಕಂಪನಿಯ ಜೊತೆ ಕೂಡಿಕೊಂಡು ಸುಮಾರು 82,000 ಮನೆಗಳ ಒಡೆಯನಾಯಿತು. ಒಂದು ಕಂಪನಿಯ ಕೈಯಲ್ಲಿ 82,000 ಬಿಡಿ ಮನೆ! ಹಾಸನ ನಗರದ ಜನಸಂಖ್ಯೆಯೇ 2011ರ ಜನಗಣತಿಯಲ್ಲಿ 1,33,000 ಇತ್ತು.

ಇಷ್ಟು ಕೇಳಿ ಅಮೆರಿಕದ ಮನೆಗಳೆಲ್ಲ ಕಂಪನಿಗಳ ಪಾಲಾಗಿವೆ ಎಂದುಕೊಳ್ಳಬೇಡಿ. ಅಲ್ಲಿಯ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿ 2024ರಲ್ಲಿ ಕೊಟ್ಟ ವರದಿಯ ಪ್ರಕಾರ 2022ರ ಜೂನಿನಲ್ಲಿ ದೊಡ್ಡ ಹೂಡಿಕೆ ಸಂಸ್ಥೆಗಳ ಬಳಿ ಇದ್ದದ್ದು ಸುಮಾರು 4,50,000 ಮನೆ. ದೇಶದ ಬಿಡಿ ಬಾಡಿಗೆ ಮನೆಗಳಲ್ಲಿ ಅದು ಶೇ 3ರಷ್ಟು. ಆದರೆ ಅದೇ ವರದಿ ನಗರವಾರು ಲೆಕ್ಕವನ್ನೂ ಕೊಡುತ್ತದೆ. ಅಟ್ಲಾಂಟಾದಲ್ಲಿ ಶೇ 25, ಜ್ಯಾಕ್ಸನ್‌ವಿಲ್‌ನಲ್ಲಿ 21, ಶಾರ್ಲಟ್‌ನಲ್ಲಿ 18. ನೋಡಿ, ದೇಶದ ಸರಾಸರಿ ಹಿಡಿದು ಕೂತಿದ್ದರೆ ಏನೂ ಆಗಿಲ್ಲ ಅನಿಸುತ್ತದೆ, ಊರಿಗೆ ಇಳಿದರೆ ನಾಲ್ಕರಲ್ಲಿ ಒಂದು. ಬೀದಿಗೆ ಇಳಿದರೆ ಇನ್ನೂ ಹೆಚ್ಚಿರುತ್ತದೆ. ಹೂಡಿಕೆದಾರರು ದೇಶವನ್ನು ಕೊಳ್ಳುವುದಿಲ್ಲ, ಒಳ್ಳೆಯ ಶಾಲೆ ಹತ್ತಿರವಿರುವ, ತೀರಾ ಹಳೆಯದಲ್ಲದ, ಮೂರು ಬೆಡ್‌ರೂಮಿನ ಮನೆಗಳಿರುವ ಬೀದಿಗಳನ್ನು ಆರಿಸಿ ಕೊಳ್ಳುತ್ತಾರೆ. ಹೊಸದಾಗಿ ಸಂಸಾರ ಹೂಡುವ ಮಧ್ಯಮ ವರ್ಗದವರು ಕಣ್ಣಿಟ್ಟಿರುವುದೂ ಅವೇ ಮನೆಗಳ ಮೇಲೆ.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಗ್ಗುಲಿದೆ. ಆ ವರದಿ ಬಿಕ್ಕಟ್ಟಿನ ನಂತರ ಬೆಲೆ ಮತ್ತು ಬಾಡಿಗೆ ಏರಲು ಈ ಸಂಸ್ಥೆಗಳೂ ಕಾರಣವಾಗಿರಬಹುದು ಎನ್ನುತ್ತದೆ. ಆದರೆ ಬಾಡಿಗೆದಾರರ ಮೇಲೆ ಒಟ್ಟು ಪರಿಣಾಮ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಪು ಕೊಡುವುದಿಲ್ಲ. ಕೊಳ್ಳುವ ಶಕ್ತಿ ಇಲ್ಲದ ಕುಟುಂಬಗಳಿಗೆ ಒಳ್ಳೆಯ ಶಾಲೆ ಇರುವ ಪ್ರದೇಶದಲ್ಲಿ ಬಾಡಿಗೆ ಮನೆ ಸಿಕ್ಕಿದ್ದೂ ನಿಜ. ಅದೇ ಹೊತ್ತಿಗೆ 2024ರ ಸೆಪ್ಟೆಂಬರಿನಲ್ಲಿ ಅಲ್ಲಿನ ಫೆಡರಲ್ ವ್ಯಾಪಾರ ಆಯೋಗ, ಮೊದಲೇ ತಿಳಿಸದ ಶುಲ್ಕಗಳು ಮತ್ತು ಠೇವಣಿ ಹಿಡಿದುಕೊಂಡ ಆರೋಪದ ಮೇಲೆ ಇನ್ವಿಟೇಶನ್ ಹೋಮ್ಸ್ ವಿರುದ್ಧ ಕ್ರಮಕ್ಕೆ ಹೊರಟಾಗ ಕಂಪನಿ 4.8 ಕೋಟಿ ಡಾಲರ್ ಕೊಡಲು ಒಪ್ಪಿತು. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಆ ಮೊತ್ತಕ್ಕಿಂತ ಒಂದು ಸಂಗತಿ: ಯಾರ ಬಳಿ ಎಷ್ಟು ಮನೆ ಇದೆ ಎಂದು ಗೊತ್ತಿದ್ದುದರಿಂದ, ಎಲ್ಲ ಬಾಡಿಗೆದಾರರ ಪರವಾಗಿ ಒಟ್ಟಿಗೆ ಕೇಳಲು ಸಾಧ್ಯವಾಯಿತು.

ಈಗ ನಮ್ಮೂರಿಗೆ ಬರೋಣ. ಇಂಥ ಕಂಪನಿಗಳು ಹಾಸನಕ್ಕೆ ಯಾಕೆ ಬಂದಿಲ್ಲ? ಒಂದು ಲೆಕ್ಕ ಹಾಕಿದರೆ ತಿಳಿಯುತ್ತದೆ. 60 ಲಕ್ಷದ ಮನೆ, ತಿಂಗಳಿಗೆ 15,000 ಬಾಡಿಗೆ ಎಂದು ಹಿಡಿಯಿರಿ. ವರ್ಷಕ್ಕೆ 1,80,000. ನೂರಕ್ಕೆ ಮೂರು ರೂಪಾಯಿ. ಕಂದಾಯ, ಸುಣ್ಣಬಣ್ಣ, ಸಂಪಿನ ಮೋಟಾರಿನ ರಿಪೇರಿ, ಖಾಲಿ ಬಿದ್ದ ತಿಂಗಳು ಎಲ್ಲ ಕಳೆದರೆ ಎರಡೂವರೆ ಉಳಿದರೆ ಪುಣ್ಯ. ಅದೇ ದುಡ್ಡು ಬ್ಯಾಂಕಿನಲ್ಲಿ ಎಫ್.ಡಿ. ಇಟ್ಟರೆ ಆರು ಪರ್ಸೆಂಟಿಗೆ ಮೋಸವಿಲ್ಲ. ಸಾಲ ಮಾಡಿ ಕೊಂಡರೆ ಇನ್ನೂ ಕಷ್ಟ. 48 ಲಕ್ಷ ಸಾಲ, ಬಡ್ಡಿ ಶೇ 8.5, 20 ವರ್ಷ ಎಂದರೆ ತಿಂಗಳ ಕಂತು ಸುಮಾರು 41,650 ರೂಪಾಯಿ. ಬಾಡಿಗೆ ಕಂತಿನ ಅರ್ಧವನ್ನೂ ಮುಟ್ಟುವುದಿಲ್ಲ. ನೋಂದಣಿ ಖರ್ಚು ಬೇರೆ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು ಸರ್‌ಚಾರ್ಜು, 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೂ ಶೇ 1ರಿಂದ 2ಕ್ಕೆ ಏರಿದೆ. ಎಲ್ಲ ಸೇರಿ 60 ಲಕ್ಷದ ಮನೆಗೆ ನಾಲ್ಕೂವರೆ ಲಕ್ಷದ ಹತ್ತಿರ. ಎರಡೂವರೆ ವರ್ಷದ ಬಾಡಿಗೆ ಕೊಂಡ ದಿನವೇ ಹೋಯಿತು.

ಬಾಡಿಗೆಯ ಆದಾಯ ನೋಡಿ ಬಂಡವಾಳ ಹಾಕುವ ಯಾವ ಕಂಪನಿಯೂ ಈ ಲೆಕ್ಕಕ್ಕೆ ಒಪ್ಪುವುದಿಲ್ಲ. ಆಸ್ತಿಯ ಬಾಡಿಗೆಯನ್ನು ಹೂಡಿಕೆದಾರರಿಗೆ ಹಂಚುವ ರೀಟ್ ಎಂಬ ಏರ್ಪಾಡಿಗೆ ಷೇರು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2014ರಲ್ಲೇ ನಿಯಮ ಮಾಡಿತು. ದೇಶದ ಮೊದಲ ರೀಟ್ 2019ರಲ್ಲಿ ಷೇರು ಪೇಟೆಗೆ ಬಂದದ್ದು ಬೆಂಗಳೂರಿನಿಂದಲೇ. ಅದರ ಕೈಯಲ್ಲಿರುವುದು ಕಚೇರಿ ಕಟ್ಟಡಗಳು. ಮನೆ ಬಾಡಿಗೆಯ ತಂಟೆಗೆ ಅದು ಬರಲಿಲ್ಲ.

ಹಾಗಾದರೆ ಎರಡನೇ ಮನೆ, ಮೂರನೇ ಮನೆ ಕೊಳ್ಳುವ ನಮ್ಮ ಜನ ಲೆಕ್ಕ ಬಾರದವರೇ? ಖಂಡಿತ ಅಲ್ಲ. ಅವರು ಬಾಡಿಗೆಗೆ ಕೊಳ್ಳುವುದಿಲ್ಲ, ಬೆಲೆ ಏರುತ್ತದೆ ಎಂಬ ಭರವಸೆಗೆ ಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವವರು ಅಲ್ಲಿ ಕೊಳ್ಳಲಾಗದೆ ಊರಿನಲ್ಲಿ ಕೊಳ್ಳುತ್ತಾರೆ. ಸಕಲೇಶಪುರ, ಆಲೂರು, ಬೇಲೂರು ಕಡೆಯ ಬೆಳೆಗಾರರು ಕಾಫಿಗೆ ಬೆಲೆ ಬಂದ ವರ್ಷ ಮಕ್ಕಳ ಓದಿಗೆಂದು ಹಾಸನದಲ್ಲಿ ಒಂದು ಮನೆ ಮಾಡುತ್ತಾರೆ, ಮಕ್ಕಳು ಓದಿ ಹೋದ ಮೇಲೆ ಅದು ಬಾಡಿಗೆಗೆ ಬರುತ್ತದೆ. ನಿವೃತ್ತಿಯ ಹಣ ಕೈಗೆ ಬಂದಾಗ ಷೇರಿಗಿಂತ ಸೈಟೇ ವಾಸಿ ಅನಿಸುವುದು ಸಹಜ. 2017ರಲ್ಲಿ ಕುಣಿಗಲ್ ಮಾರ್ಗದ ರೈಲು ಶುರುವಾದ ಮೇಲೆ ಬೆಂಗಳೂರು ಇನ್ನೂ ಹತ್ತಿರ ಬಂತು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರೂ ಹೊಲ ಗದ್ದೆ ಕೊಳ್ಳಬಹುದಾಯಿತು. ಇವರಲ್ಲಿ ಯಾರೂ ಬಾಡಿಗೆಯವರಿಗೆ ಕೇಡು ಬಯಸಿ ಕೊಂಡವರಲ್ಲ. ನನ್ನ ನೆಂಟರಲ್ಲೂ ಅಂಥವರಿದ್ದಾರೆ, ನಿಮ್ಮ ನೆಂಟರಲ್ಲೂ ಇರುತ್ತಾರೆ.

ಆದರೆ ಬಾಡಿಗೆ ಕಂತಿನ ಅರ್ಧವನ್ನೂ ಮುಟ್ಟದಿದ್ದರೆ ಉಳಿದ ಅರ್ಧ ಎಲ್ಲಿಂದ ಬರಬೇಕು? ಇಲ್ಲಿಯೇ ನಾನು ಹೇಳಬೇಕೆಂದಿದ್ದ ಮುಖ್ಯ ವಿಚಾರ ಇರುವುದು. ಭೋಗ್ಯ.

ಇಲ್ಲಿ ಕೂತಿರುವವರಲ್ಲಿ ಭೋಗ್ಯದ ಮನೆಯಲ್ಲಿರುವವರು ಬಹಳ ಮಂದಿ ಇರಬಹುದು. ಲೀಸ್ ಅಂತಲೂ ಅನ್ನುತ್ತೇವೆ. ಎಂಟು ಲಕ್ಷ ಕೊಟ್ಟು ಮೂರು ವರ್ಷ ಇರುವುದು, ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ಎಂಟು ಲಕ್ಷ ಇಡಿಯಾಗಿ ವಾಪಸು. ಬಾಡಿಗೆಯವರಿಗೆ ಇದು ಆಕರ್ಷಕ. ತಿಂಗಳು ತಿಂಗಳು ಹೋಗುವ ದುಡ್ಡು ಉಳಿಯುತ್ತದೆ, ಕೊಟ್ಟದ್ದು ತಿರುಗಿ ಬರುತ್ತದೆ. ಆ ಎಂಟು ಲಕ್ಷ ಹೊಂದಿಸಲು ಹೆಂಡತಿಯ ಚಿನ್ನ ಅಡವಿಟ್ಟಿರುತ್ತಾರೆ, ಸೊಸೈಟಿಯಲ್ಲಿ ಸಾಲ ಎತ್ತಿರುತ್ತಾರೆ, ಊರಿನ ಜಮೀನಿನ ಪಾಲು ಬಂದಿರುತ್ತದೆ.

ಈಗ ಮಾಲೀಕರ ಕಡೆಯಿಂದ ನೋಡಿ. ಬಡ್ಡಿ ಇಲ್ಲದ, ಅಡಮಾನ ಇಲ್ಲದ ಎಂಟು ಲಕ್ಷ ಕೈಗೆ ಬಂತು. ಬ್ಯಾಂಕು 60 ಲಕ್ಷದ ಮನೆಗೆ ಹೆಚ್ಚೆಂದರೆ ಶೇ 80 ಸಾಲ ಕೊಡುತ್ತದೆ, ಉಳಿದ 12 ಲಕ್ಷ ಕೊಳ್ಳುವವರು ತಾವೇ ಹಾಕಬೇಕು. ಅದಕ್ಕೆ ನಾವು ಮಾರ್ಜಿನ್ ಎನ್ನುತ್ತೇವೆ. ಕೊಳ್ಳುವವರ ಸ್ವಂತ ದುಡ್ಡೂ ಅದರಲ್ಲಿದ್ದರೆ ಅವರು ಜವಾಬ್ದಾರಿಯಿಂದ ಕಂತು ಕಟ್ಟುತ್ತಾರೆ ಎಂಬುದು ಆ ನಿಯಮದ ಉದ್ದೇಶ. ಮೊದಲ ಮನೆಯ ಭೋಗ್ಯದ ಎಂಟು ಲಕ್ಷಕ್ಕೆ ಚೀಟಿ ಎತ್ತಿದ ನಾಲ್ಕು ಲಕ್ಷ ಸೇರಿಸಿದರೆ ಎರಡನೇ ಮನೆಯ ಮಾರ್ಜಿನ್ ತಯಾರು. ಎರಡನೇ ಮನೆಯನ್ನೂ ಭೋಗ್ಯಕ್ಕೆ ಕೊಟ್ಟರೆ ಮೂರನೆಯದಕ್ಕೆ ದಾರಿಯಾಯಿತು. ಕಾಗದದ ಮೇಲೆ ಮೂರು ಮನೆಯ ಒಡೆಯರು. ಒಳಗೆ ಬಂದು ನೋಡಿದರೆ ಶೇ 80 ಬ್ಯಾಂಕಿನದು, ಉಳಿದದ್ದರಲ್ಲಿ ದೊಡ್ಡ ಪಾಲು ಬಾಡಿಗೆಯವರದು.

ಅಟ್ಲಾಂಟಾದಲ್ಲಿ ಬಾಡಿಗೆಯ ಮೇಲೆ ಬಾಂಡು ಕೊಂಡವರಿಗೆ ಒಂದು ಕಾಗದ ಇರುತ್ತದೆ, ಬಡ್ಡಿ ಇರುತ್ತದೆ, ಮನೆಯ ಮೇಲೆ ಹಕ್ಕು ಇರುತ್ತದೆ. ಹಾಸನದ ಭೋಗ್ಯದಾರರು ಕೂಡ ಮನೆ ಕೊಳ್ಳಲು ಬಂಡವಾಳ ಹಾಕಿದವರೇ. ಅವರು ಬಡ್ಡಿಯ ಬದಲು ವಾಸಕ್ಕೆ ಜಾಗ ಪಡೆದಿದ್ದಾರೆ, ಅಷ್ಟೇ. ಆದರೆ ಅವರ ದುಡ್ಡು ಯಾವ ಮನೆಗೆ ಹೋಗಿದೆ ಎಂದು ಅವರಿಗೆ ಗೊತ್ತಿಲ್ಲ, ಯಾವ ಮನೆಯ ಮೇಲೂ ಅವರಿಗೆ ಗಟ್ಟಿಯಾದ ಹಕ್ಕಿಲ್ಲ. ಅವಧಿ ಮುಗಿದಾಗ ಮಾಲೀಕರ ಬಾಯಲ್ಲಿ ಬರುವ ಮಾತು ನಿಮಗೆಲ್ಲ ಪರಿಚಯ: "ಹೊಸಬರು ಬಂದ ತಕ್ಷಣ ಕೊಟ್ಟುಬಿಡ್ತೀನಿ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ." ಹೊಸ ಭೋಗ್ಯದಾರರ ದುಡ್ಡಿನಿಂದ ಹಳಬರಿಗೆ ಕೊಡುವುದು. ಬೆಲೆ ಏರುವವರೆಗೆ ಇದು ನಡೆಯುತ್ತದೆ. ಸೈಟಿನ ವ್ಯಾಪಾರ ಒಂದು ವರ್ಷ ಮಂಕಾದರೆ, ಮಾಲೀಕರ ಕೆಲಸಕ್ಕೆ ಸಂಚಕಾರ ಬಂದರೆ, ಮೊದಲು ನಿಲ್ಲುವುದು ಬ್ಯಾಂಕಿನ ಕಂತು.

ಆಮೇಲೆ ಏನಾಗುತ್ತದೆ ಎಂದು ನಾನು ಹತ್ತಿರದಿಂದ ನೋಡಿದ್ದೇನೆ. ಕಂತು ನಿಂತು ಸಾಲ ಕೆಟ್ಟ ಸಾಲದ ಪಟ್ಟಿಗೆ ಸೇರಿದ ಮೇಲೆ, ಅಡಮಾನದ ಆಸ್ತಿಯನ್ನು ಬ್ಯಾಂಕು ವಶಕ್ಕೆ ತೆಗೆದುಕೊಂಡು ಮಾರಲು ಅವಕಾಶ ಕೊಡುವ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಸಾಲಗಾರರಿಗೆ 60 ದಿನದ ನೋಟಿಸು ಕೊಡುತ್ತದೆ. ಅದು ಹೋಗುವುದು ಸಾಲಗಾರರ ವಿಳಾಸಕ್ಕೆ. ಮನೆಯಲ್ಲಿ ವಾಸ ಇರುವವರಿಗೆ ವಿಷಯ ಗೊತ್ತಾಗುವುದು ಸ್ವಾಧೀನದ ನೋಟಿಸನ್ನು ಗೇಟಿಗೆ ಅಂಟಿಸಿದಾಗ. ಹಾಗೆ ಅಂಟಿಸಿದ ಮಾರನೇ ದಿನ ಒಬ್ಬ ಮಹಿಳೆ ಶಾಖೆಗೆ ಬಂದರು. ಆಸ್ಪತ್ರೆಯಲ್ಲಿ ನರ್ಸು, ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದಿದ್ದರು. ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದ ಭೋಗ್ಯದ ಕರಾರುಪತ್ರ ತೆಗೆದು ಮೇಜಿನ ಮೇಲಿಟ್ಟರು. ಏಳು ಲಕ್ಷ, ಮೂರು ವರ್ಷ, ಇಬ್ಬರು ಸಾಕ್ಷಿಗಳ ಸಹಿ, ನೋಟರಿಯ ಮೊಹರು. ನೋಂದಣಿ ಆಗಿರಲಿಲ್ಲ. ಅವರು ಕೇಳಿದ್ದು ಒಂದೇ ಮಾತು: "ಸರ್, ನಾವು ಒಂದು ರೂಪಾಯಿ ಬಾಕಿ ಇಟ್ಟಿಲ್ಲ. ನಾವ್ಯಾಕೆ ಮನೆ ಬಿಡಬೇಕು?"

ಬ್ಯಾಂಕಿನ ಅಡಮಾನ ಅವರ ಕರಾರಿಗಿಂತ ಹಿಂದಿನದು. ಅವರ ಏಳು ಲಕ್ಷ ವಾಪಸು ಕೊಡಬೇಕಾದದ್ದು ಮಾಲೀಕರು, ಮಾಲೀಕರ ಫೋನು ಸ್ವಿಚ್ ಆಫ್ ಆಗಿತ್ತು. ಸಿವಿಲ್ ಕೋರ್ಟಿಗೆ ಹೋಗಿ ವಸೂಲಿಗೆ ದಾವೆ ಹಾಕಿ ಎಂದು ಹೇಳುವುದರ ಹೊರತು ಕಾನೂನಿನ ಪ್ರಕಾರ ನಮ್ಮ ಬಳಿ ಉತ್ತರವಿರಲಿಲ್ಲ. ಬ್ಯಾಂಕಿಗೆ ಅಡಮಾನದ ರಕ್ಷಣೆ ಇದೆ. ಹರಾಜಿನಲ್ಲಿ ಕೊಂಡವರಿಗೆ ಮಾರಾಟ ಪತ್ರ ಸಿಗುತ್ತದೆ. ಮಾಲೀಕರು ಮನೆ ಕಳೆದುಕೊಂಡರೂ ಅದರಲ್ಲಿ ಅವರ ಸ್ವಂತ ದುಡ್ಡು ಹೆಚ್ಚಿರಲಿಲ್ಲ. ಪೂರ್ತಿ ಪೆಟ್ಟು ಬಿದ್ದದ್ದು ಆ ಕುಟುಂಬಕ್ಕೆ.

ಕಾನೂನು ಇಂಥವರ ಕಡೆ ಯಾಕಿಲ್ಲ ಎಂಬುದನ್ನು ಚುಟುಕಾಗಿ ಹೇಳುತ್ತೇನೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಕೊನೆಯ ದಿನ ಜಾರಿಗೆ ಬಂತು. ಅದರ ರಕ್ಷಣೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿವರೆಗಿನ, ಉಳಿದ ಕಡೆ 2,000 ರೂಪಾಯಿವರೆಗಿನ ಬಾಡಿಗೆಗೆ ಮಾತ್ರ. ಇವತ್ತು ಹಾಸನದಲ್ಲಿ 2,000ಕ್ಕೆ ಒಂದು ಸಂಸಾರ ಇರುವಂಥ ಮನೆ ಎಲ್ಲಿದೆ? ಆ ಮಿತಿಯ ಮೇಲಿನವರೆಲ್ಲ 1882ರ ಸ್ವತ್ತು ವರ್ಗಾವಣೆ ಕಾಯ್ದೆಯಡಿ ಬರುತ್ತಾರೆ, ಅದರಲ್ಲಿ ತಿಂಗಳ ಬಾಡಿಗೆಯವರನ್ನು ಬಿಡಿಸಲು 15 ದಿನದ ನೋಟಿಸು ಸಾಕು. ಒಂದು ವರ್ಷ ಮೀರಿದ ಲೀಸ್ ಕರಾರು ನೋಂದಣಿ ಆಗಲೇಬೇಕು ಎನ್ನುತ್ತದೆ 1908ರ ನೋಂದಣಿ ಕಾಯ್ದೆ. ನಮ್ಮ 11 ತಿಂಗಳ ಕರಾರಿನ ಮೂಲ ಅಲ್ಲಿದೆ. ಭೋಗ್ಯಗಳೋ ಎರಡು ಮೂರು ವರ್ಷದವು, ಆದರೂ ಖರ್ಚು ಉಳಿಸಲು ನೋಂದಣಿ ಮಾಡಿಸುವುದಿಲ್ಲ. ಉಳಿಸಿದ ಆ ಖರ್ಚಿಗೆ ತೆತ್ತ ಬೆಲೆಯನ್ನು ಆ ನರ್ಸಿನ ಮುಖದಲ್ಲಿ ನೋಡಿದ್ದೇನೆ.

ಚಿಕ್ಕಮಗಳೂರಿನ ಪರಿಸ್ಥಿತಿ ಸ್ವಲ್ಪ ಬೇರೆ. ಅಲ್ಲಿ ಬಾಡಿಗೆಯ ಲೆಕ್ಕವನ್ನೇ ಪ್ರವಾಸಿಗರು ಬದಲಿಸಿದ್ದಾರೆ. ತಿಂಗಳಿಗೆ 15,000 ಬಾಡಿಗೆ ಬರುವ ಎರಡು ಬೆಡ್‌ರೂಮಿನ ಮನೆಯನ್ನು ಒಂದು ರಾತ್ರಿಗೆ 4,000ಕ್ಕೆ ಕೊಟ್ಟರೆ ನಾಲ್ಕು ರಾತ್ರಿಗೇ ತಿಂಗಳ ಬಾಡಿಗೆ ದಾಟುತ್ತದೆ. ಎರಡು ವಾರಾಂತ್ಯ ಸಾಕು. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಕಡೆ ಶುಕ್ರವಾರ ರಾತ್ರಿಯಿಂದ ಹೋಗುವ ಕಾರುಗಳ ಸಾಲನ್ನು ನೋಡಿದವರಿಗೆ ಗಿರಾಕಿ ಬಗ್ಗೆ ಅನುಮಾನ ಬರುವುದಿಲ್ಲ.

ಹೋಂಸ್ಟೇಯನ್ನು ನಾನು ದೂರುತ್ತಿಲ್ಲ. ಎರಡು ಸಾವಿರದ ಇಸವಿಯ ಆಚೀಚೆ ಕಾಫಿ ಬೆಲೆ ನೆಲ ಕಚ್ಚಿದಾಗ ಎಷ್ಟೋ ಬೆಳೆಗಾರ ಕುಟುಂಬಗಳು ತೋಟದ ಮನೆಯ ಎರಡು ಕೋಣೆ ಅತಿಥಿಗಳಿಗೆ ಬಿಟ್ಟು, ಅಕ್ಕಿರೊಟ್ಟಿ ಕಡುಬು ಮಾಡಿ ಬಡಿಸಿ ಸಂಸಾರ ತೂಗಿಸಿದವು. ಮನೆಯವರು ಅಲ್ಲೇ ಇದ್ದರು. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಹೋಂಸ್ಟೇ ನೋಂದಣಿಯ ನಿಯಮವೂ ಮಾಲೀಕರ ಕುಟುಂಬ ಆ ಮನೆಯಲ್ಲೇ ವಾಸವಿರಬೇಕು ಎನ್ನುತ್ತದೆ. ಈಗ ಊರೊಳಗೆ ಕಾಣುವುದು ಬೇರೆಯದೇ. ವಿಜಯಪುರ, ಜ್ಯೋತಿನಗರದಂಥ ಬಡಾವಣೆಯ ಮಾಮೂಲಿ ಮನೆ, ಒಳಗೆ ಯಾರೂ ಇಲ್ಲ, ಬೀಗದ ಕೈ ಎದುರು ಅಂಗಡಿಯಲ್ಲಿ, ಬುಕಿಂಗು ಮೊಬೈಲಿನಲ್ಲಿ, ಸೋಮವಾರ ಬಂದು ಗುಡಿಸಿ ಹೋಗುವ ಒಬ್ಬ ಹೆಂಗಸು. ಮಾಲೀಕರು ಬೆಂಗಳೂರಿನಲ್ಲಿ. ಕೆಲವು ಕಡೆ ಮಾಲೀಕರೂ ಅಲ್ಲ, ಮನೆಯನ್ನು ತಿಂಗಳ ಬಾಡಿಗೆಗೆ ಹಿಡಿದು ದಿನದ ಲೆಕ್ಕದಲ್ಲಿ ಕೊಡುವವರು. ಅದು ವಸತಿಗೃಹ, ಹೋಂಸ್ಟೇ ಎಂಬ ಹೆಸರು ಅದಕ್ಕೆ ಒಪ್ಪುವುದಿಲ್ಲ. ಆ ಮನೆಯಲ್ಲಿ ಮೊದಲು ಇದ್ದವರು ಯಾರು? ವರ್ಗವಾಗಿ ಬಂದ ಪ್ರೌಢಶಾಲೆ ಮೇಷ್ಟ್ರು, ತಾಲ್ಲೂಕು ಕಚೇರಿಯ ಗುಮಾಸ್ತರು. ಈಗ ಅಂಥವರು ಮನೆ ಸಿಗದೆ ಕಡೂರಿನಲ್ಲಿ ಸಂಸಾರ ಇಟ್ಟು ನಲವತ್ತು ಕಿಲೋಮೀಟರು ಬಸ್ಸಿನಲ್ಲಿ ಓಡಾಡುವುದನ್ನು ಕಂಡಿದ್ದೇನೆ.

2011ರ ಜನಗಣತಿಯಲ್ಲಿ ದೇಶದ ನಗರಗಳಲ್ಲಿ ಸುಮಾರು 1.1 ಕೋಟಿ ಮನೆ ಖಾಲಿ ಇದ್ದವು. ಮರುವರ್ಷ ಕೇಂದ್ರ ಸರ್ಕಾರದ ತಾಂತ್ರಿಕ ಸಮಿತಿ ನಗರಗಳಲ್ಲಿ 1.88 ಕೋಟಿ ಮನೆಗಳ ಕೊರತೆ ಇದೆ ಎಂದು ಅಂದಾಜಿಸಿತು. ಎರಡೂ ಒಟ್ಟಿಗೆ ನಿಜ. ಜನಗಣತಿಯವರು ಮನೆ ಸ್ವಂತದ್ದೋ ಬಾಡಿಗೆಯದೋ ಎಂದು ಕೇಳುತ್ತಾರೆ. ಬಾಡಿಗೆಯದಾದರೆ ಮಾಲೀಕರು ಎಲ್ಲಿದ್ದಾರೆ, ಅವರಿಗೆ ಇನ್ನೆಷ್ಟು ಮನೆ ಇವೆ ಎಂದು ಕೇಳುವುದಿಲ್ಲ. ಆದರೆ ನಗರಾಡಳಿತದ ಕಡತದಲ್ಲಿ ಅದು ಇದೆ! ಪ್ರತಿ ಖಾತೆಯಲ್ಲೂ ಮಾಲೀಕರ ಹೆಸರು, ವಿಳಾಸ ಇರುತ್ತದೆ. ಇ-ಖಾತೆ ಬಂದ ಮೇಲೆ ಅದೆಲ್ಲ ಕಂಪ್ಯೂಟರಿನಲ್ಲಿದೆ. ಯಾರ ಹೆಸರನ್ನೂ ಬಯಲು ಮಾಡುವುದು ಬೇಡ. ವಾರ್ಡುವಾರು ಎಷ್ಟು ಮನೆಗಳ ಮಾಲೀಕರ ವಿಳಾಸ ಜಿಲ್ಲೆಯ ಹೊರಗಿದೆ, ಎಷ್ಟು ಮನೆಗಳು ಮೂರಕ್ಕಿಂತ ಹೆಚ್ಚು ಮನೆ ಇರುವವರ ಕೈಯಲ್ಲಿವೆ, ಇಷ್ಟನ್ನು ವರ್ಷಕ್ಕೊಮ್ಮೆ ಪ್ರಕಟಿಸಿದರೂ ನಾವು ಊಹೆಯ ಮೇಲೆ ಮಾತಾಡುವುದು ತಪ್ಪುತ್ತದೆ. ಇದನ್ನು ನಮ್ಮ ವಾರ್ಡಿನ ಸದಸ್ಯರ ಹತ್ತಿರ ಕೇಳಬೇಕು, ಬಿಡದೆ ಕೇಳಬೇಕು.

ಬ್ಯಾಂಕುಗಳದ್ದೂ ಒಂದು ಕೆಲಸ ಬಾಕಿ ಇದೆ. ಸಾಲ ಮಂಜೂರು ಮಾಡುವಾಗ ಮಾರ್ಜಿನ್ ಹಣ ಎಲ್ಲಿಂದ ಬಂತು ಎಂದು ಖಾತೆಯ ಸ್ಟೇಟ್‌ಮೆಂಟ್ ನೋಡುತ್ತೇವೆ. ಅದರಲ್ಲಿ ಎಂಟು ಲಕ್ಷ ಯಾರೋ ಜಮಾ ಮಾಡಿದ್ದರೆ ಅದು ಭೋಗ್ಯದ ಹಣವೇ ಎಂದು ಒಂದು ಸಾಲಿನಲ್ಲಿ ಕೇಳಿ ಬರೆದುಕೊಂಡರೆ ಸಾಕು. ಅದು ವಾಪಸು ಕೊಡಬೇಕಾದ ಸಾಲ. ಅದನ್ನು ಸಾಲವೆಂದೇ ಎಣಿಸಿದರೆ ಮೂರನೇ ಮನೆಯ ಅರ್ಜಿ ಎಷ್ಟೋ ಸಲ ಅಲ್ಲೇ ನಿಲ್ಲುತ್ತದೆ.

ಉಪನ್ಯಾಸದ ನಂತರ ಒಬ್ಬ ವಿದ್ಯಾರ್ಥಿ ಕೇಳಿದ: "ಸರ್, ನಾಳೆ ನಮ್ಮೂರಿಗೂ ಕಂಪನಿಗಳು ಬರಬಹುದಾ?" ಬಾಡಿಗೆಯ ಆದಾಯ ನೂರಕ್ಕೆ ಮೂರು ಇರುವವರೆಗೆ ಬಿಡಿ ಮನೆ ಕೊಂಡು ಬಾಡಿಗೆಗೆ ಕೊಡುವ ಕಂಪನಿ ಬರುವುದು ಕಷ್ಟ ಎಂದು ನನ್ನ ಅಭಿಪ್ರಾಯ. ಚಿಕ್ಕಮಗಳೂರಿನಲ್ಲಿ ದಿನದ ಬಾಡಿಗೆಯ ಲೆಕ್ಕಕ್ಕೆ ಬಂದರೆ ಆಶ್ಚರ್ಯವಿಲ್ಲ, ಅಲ್ಲಿ ಆದಾಯ ಬೇರೆ. ಕಂಪನಿ ಬರುವವರೆಗೆ ಕಾಯಬೇಕಿಲ್ಲ ತಮ್ಮಾ, ಬಾಡಿಗೆಯವರ ಮೇಲೆ ಬೀಳುವ ಭಾರ ಈಗಲೇ ಇದೆ.

ಹಿಂದಿನ ಸಾಲಿನಿಂದ ಒಬ್ಬರು ಹೆಣ್ಣುಮಗಳು ಎದ್ದು, ಮುಂದಿನ ತಿಂಗಳು ಆರು ಲಕ್ಷಕ್ಕೆ ಭೋಗ್ಯಕ್ಕೆ ಹೋಗುತ್ತಿದ್ದೇವೆ, ಏನು ನೋಡಬೇಕು ಹೇಳಿ ಎಂದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ದುಡ್ಡು ಕೊಡುವ ಮುಂಚೆ ಮಾಲೀಕರ ಬಳಿ ಕ್ರಯಪತ್ರದ ಮೂಲಪ್ರತಿ ತೋರಿಸಿ ಎಂದು ಕೇಳಿ ತಾಯಿ. ಜೆರಾಕ್ಸ್ ಮಾತ್ರ ಇದ್ದರೆ ಮೂಲಪ್ರತಿ ಬ್ಯಾಂಕಿನಲ್ಲಿದೆ ಎಂದೇ ತಿಳಿಯಿರಿ. ಇ.ಸಿ. ನೀವೇ ಅರ್ಜಿ ಹಾಕಿ ತೆಗೆಸಿ, ಅವರು ಕೊಟ್ಟ ಹಳೆಯ ಪ್ರತಿ ನಂಬಬೇಡಿ. ಕೆಲವು ಅಡಮಾನ ಇ.ಸಿ.ಯಲ್ಲಿ ಕಾಣದೆ ಇರಬಹುದು, ಅದಕ್ಕೆ ಸೆರ್ಸಾಯ್ ಎಂಬ ಕೇಂದ್ರ ನೋಂದಣಿ ಇದೆ, ಸಣ್ಣ ಶುಲ್ಕ ಕಟ್ಟಿ ಆನ್‌ಲೈನಿನಲ್ಲಿ ಆಸ್ತಿಯ ವಿವರ ಹಾಕಿ ಯಾರು ಬೇಕಾದರೂ ಹುಡುಕಬಹುದು. ಹಣವನ್ನು ಬ್ಯಾಂಕ್ ಖಾತೆಯ ಮೂಲಕವೇ ಕೊಡಿ, ಕರಾರನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಮಾಡಿಸಿ, ಖರ್ಚು ಅರ್ಧರ್ಧ ಹಾಕಿಕೊಳ್ಳೋಣ ಎಂದು ಮಾಲೀಕರಿಗೆ ಹೇಳಿ ನೋಡಿ. ಮನೆಯ ಮೇಲೆ ಸಾಲವಿದ್ದರೆ, ಭೋಗ್ಯಕ್ಕೆ ಕೊಡಲು ಬ್ಯಾಂಕಿನ ಒಪ್ಪಿಗೆ ಪತ್ರ ತನ್ನಿ ಎಂದು ಕೇಳಿ. ಸಾಲಪತ್ರಗಳಲ್ಲಿ ಸಾಮಾನ್ಯವಾಗಿ ಆ ಷರತ್ತು ಇದ್ದೇ ಇರುತ್ತದೆ. ತರಲು ಒಪ್ಪದಿದ್ದರೆ ಆರು ಲಕ್ಷ ನಿಮ್ಮ ಖಾತೆಯಲ್ಲೇ ಇರಲಿ, ತಿಂಗಳ ಬಾಡಿಗೆಗೆ ಕೊಡುತ್ತೀರಾ ಎಂದು ಕೇಳಿ ನೋಡಿ, ಇಲ್ಲದಿದ್ದರೆ ಬೇರೆ ಮನೆ ಹುಡುಕಿ.